ಕಾಂಟ್ರಾ ಆಡೋಕೆ ಐದು ದಾರಿ, ಬ್ಯಾಗಿನಲ್ಲಿ ಉಳಿದದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ. ಈಗ ನನ್ನ ಆಫೀಸ್ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಕೂತಿರುವುದು ಮಿಯೂ ಮಿನಿ ಪ್ಲಸ್, ಹಳೆಯ ವಿಡಿಯೋ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ. ಆದರೆ ನಾನು ಮೊದಲು ಕೊಂಡದ್ದು ಅದಲ್ಲ. ಬೇರೆ ಯಾರೋ ಮಾಡಿದ, ಹೆಚ್ಚೂ ಕಡಿಮೆ ಅದೇ ಆಕಾರದ, ಸುಮಾರು ಸಾವಿರ ರೂಪಾಯಿ ಅಗ್ಗದ ಇನ್ನೊಂದು. ಆ ಸಾವಿರ ಉಳಿಸಲು ಹೋಗಿ 5,400 ಕಳೆದುಕೊಂಡೆ. ಅದರ ಹೆಸರು ಬೇಡ. ನನ್ನ ಕೈಗೆ ಬಂದ ಪೀಸ್ ಮಾತ್ರ ಕೆಟ್ಟದ್ದಿದ್ದಿರಬಹುದು.

ನನ್ನ ಅಭ್ಯಾಸ ಏನು ಅಂತ ಗೊತ್ತಾಗದಿದ್ದರೆ ನನ್ನ ತೀರ್ಪು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಾನು ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ಸಂಜೆ ಅದೇ ವಾಪಸ್. ಬೆಳಿಗ್ಗೆ ಸೀಟು ಸಿಗುವುದು ಅಪರೂಪ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತುಕೊಂಡು ಆಡಬೇಕು. ಮದ್ದೂರು ಬಂದರೆ ವಡೆಯವನಿಗೆ ದಾರಿ ಬಿಡಬೇಕು, ಚನ್ನಪಟ್ಟಣ ಬಂದರೆ ಇಳಿಯುವವರಿಗೆ. ಅಂದರೆ ಐದೈದು ನಿಮಿಷದ ತುಂಡುಗಳಲ್ಲಿ ಆಟ. ಮನೆಯಲ್ಲಿ ಸೋಫಾದ ಮೇಲೆ ಕೂತು ಆಡುವವರಿಗೆ ನನ್ನ ಲೆಕ್ಕ ಹೊಂದಲಿಕ್ಕಿಲ್ಲ.

ಆಡುವುದು ಏನು ಅಂದರೆ, ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ಆಡಿದ್ದನ್ನೇ. ಗುಂಡು ಹಾರಿಸುತ್ತಾ ಓಡುವ ಕಾಂಟ್ರಾ, ಮಾರಿಯೋ, ಟ್ಯಾಂಕ್ ಗೇಮ್. ಆ ಟ್ಯಾಂಕ್ ಗೇಮ್‌ನ ನಿಜವಾದ ಹೆಸರು ಬ್ಯಾಟಲ್ ಸಿಟಿ, ಜಪಾನಿನ ನಾಮ್ಕೋ ಕಂಪನಿಯವರು 1985ರಲ್ಲಿ ಮಾಡಿದ್ದು ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನಮ್ಮ ಬೀದಿಯಲ್ಲಿ ಹಳದಿ ಕ್ಯಾಸೆಟ್ ಇತ್ತು, ಮೇಲೆ 9999999 ಇನ್ 1 ಅಂತ ಬರೆದಿತ್ತು, ಒಳಗೆ ಇದ್ದದ್ದು ಆರೇಳು ಆಟ. ಪಟ್ಟಿಯಲ್ಲಿ ಕೆಳಗೆ ಹೋದಷ್ಟೂ ಅದೇ ಮಾರಿಯೋ ಬೇರೆ ಹೆಸರಿನಲ್ಲಿ ಬರುತ್ತಿತ್ತು. ಆಡುತ್ತಿದ್ದ ಪೆಟ್ಟಿಗೆಯೂ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ನಕಲಿಯ ಮೇಲೆ ನಕಲಿ. ನಮಗೆ ಅದೇ ಅಸಲಿ.

ಈಗ ಪರೀಕ್ಷೆಗೆ ಬರೋಣ. ಎಲ್ಲಾ ಯಂತ್ರಕ್ಕೂ ನಾನು ಒಂದೇ ಪರೀಕ್ಷೆ ಇಟ್ಟೆ. ಕಾಂಟ್ರಾ ಶುರುವಿನ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಸರಿಯಾಗಿ ಒತ್ತಿದರೆ ಮೂರು ಜೀವದ ಬದಲು 30 ಜೀವ. ಈ ಕೋಡ್ ಹುಟ್ಟುಹಾಕಿದವರು ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ತರುವಾಗ, ಪರೀಕ್ಷೆಗೆ ಆಡಿ ನೋಡಲು ತನಗೇ ಅದು ಕಷ್ಟವಾಯಿತು ಅಂತ ಒಳಗೆ ಇಟ್ಟುಕೊಂಡ ಕಳ್ಳದಾರಿ ಅದು. ನಮಗೆ ಅದು ಬೀದಿಯಿಂದ ಬೀದಿಗೆ ಬಾಯಿಪಾಠವಾಗಿ ಬಂತು. ಪರೀಕ್ಷೆಗೆ ಇದು ಯಾಕೆ ಒಳ್ಳೆಯದು ಅಂದರೆ, ನಾಲ್ಕೂ ದಿಕ್ಕು ಬರುತ್ತದೆ, ಮಧ್ಯೆ ಒಂದೇ ಒಂದು ಒತ್ತು ಓರೆ ಹೋದರೂ ಜೀವ ಬರುವುದಿಲ್ಲ. ಪ್ರತಿಯೊಂದರಲ್ಲೂ ಹತ್ತು ಸಲ ಒತ್ತಿ ಲೆಕ್ಕ ಇಟ್ಟೆ.

ಮೊಬೈಲ್: ಹತ್ತಕ್ಕೆ ಎರಡು. ಹಳೆಯ ಆಟಗಳನ್ನು ಮೊಬೈಲಿನಲ್ಲಿ ಆಡಿಸುವ ರೆಟ್ರೋಆರ್ಚ್ ಅನ್ನುವ ಆ್ಯಪ್ ಪುಕ್ಕಟೆ, ಖರ್ಚೇ ಇಲ್ಲ. ಆದರೆ ಗಾಜಿನ ಮೇಲೆ ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಕಣ್ಣು ಆಟದ ಮೇಲೆ, ಹೆಬ್ಬೆರಳು ಜಾರಿಕೊಂಡು ಇನ್ನೆಲ್ಲೋ. ಅದಕ್ಕೆ ಎರಡೂ ಕಡೆ ಕಚ್ಚಿಕೊಳ್ಳುವ ಕಂಟ್ರೋಲರ್ ತಂದೆ, 1,900 ರೂಪಾಯಿ. ಹತ್ತಕ್ಕೆ ಒಂಬತ್ತು ಬಂತು! ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅದನ್ನು ಹಾಕಿದ ಮೊಬೈಲ್ ಒಂದು ಮೊಳ ಉದ್ದ. ಮುಂದೆ ನಿಂತವರ ಬೆನ್ನಿಗೆ ತಗಲುತ್ತದೆ. ಮೂರನೇ ಹಂತದ ಜಲಪಾತ ಹತ್ತುತ್ತಿರುವಾಗ ಮ್ಯಾನೇಜರ್ ಫೋನ್ ಬರುತ್ತದೆ, ಮೊಬೈಲನ್ನು ಅದರಿಂದ ಕಿತ್ತು ಕಿವಿಗೆ ಇಡಬೇಕು. ಒಂದು ದಿನ ಕಾಲೇಜಿನ ಹುಡುಗನೊಬ್ಬ ಇಣುಕಿ ನೋಡಿ, “ಪಬ್‌ಜಿನಾ ಅಂಕಲ್?” ಅಂದ. ಪರದೆ ಕಂಡ ಮೇಲೆ ಏನೂ ಹೇಳದೆ ಆಚೆ ತಿರುಗಿದ. ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು.

400 ಇನ್ 1 ಡಬ್ಬಿ: 550 ರೂಪಾಯಿ. ಹಳೆಯ ನೋಕಿಯಾದಲ್ಲಿ ಇರುತ್ತಿತ್ತಲ್ಲ, ಆ ಬಿಎಲ್-5ಸಿ ತರಹದ ಬ್ಯಾಟರಿ. ಟಿವಿಗೆ ಹಾಕಲು ವೈರ್, ಎರಡನೆಯವರಿಗೆ ಇನ್ನೊಂದು ರಿಮೋಟ್. ಪರೀಕ್ಷೆ ಮಾಡಲಾಗಲಿಲ್ಲ, ಯಾಕೆಂದರೆ ಅದರೊಳಗಿನ ಕಾಂಟ್ರಾವನ್ನು ಯಾರೋ ತಿದ್ದಿದ್ದಾರೆ, ಕೋಡ್ ಇಲ್ಲದೆಯೇ 30 ಜೀವ ಸಿಗುತ್ತದೆ. ಸೇವ್ ಮಾಡಲು ಬರುವುದಿಲ್ಲ. ಆಫ್ ಮಾಡಿದರೆ ಎಲ್ಲಾ ಮೊದಲಿಂದ. ಮಕ್ಕಳಿಗೆ ಕೊಡಲು ಚೆನ್ನಾಗಿದೆ, ಬಿದ್ದು ಒಡೆದರೂ ಹೊಟ್ಟೆ ಉರಿಯುವುದಿಲ್ಲ.

ಇನ್ನು ಆ 5,400ರದ್ದು.

ಪರದೆ ನೋಡಿದರೆ ಕಣ್ಣಿಗೆ ಹಬ್ಬ. ಕೈಯಲ್ಲಿ ಹಿಡಿದರೆ ಒಳ್ಳೆ ತೂಕ. ಮೊದಲ ದಿನ ಮಾರಿಯೋ ಆಡಿದೆ, ಏನೂ ಗೊತ್ತಾಗಲಿಲ್ಲ. ಮಾರಿಯೋದಲ್ಲಿ ಬಲಕ್ಕೆ ಓಡುವುದು, ಹಾರುವುದು, ಅಷ್ಟೇ ತಾನೇ. ಬಲಕ್ಕೆ ಒತ್ತುವಾಗ ಜೊತೆಗೆ ಸ್ವಲ್ಪ ಮೇಲೂ ಒತ್ತಿದರೆ ಅವನೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೇ ದಿನ ಕಾಂಟ್ರಾ ಹಾಕಿದೆ. ಕೋಡ್ ಒತ್ತಿದೆ. ಮೂರು ಜೀವ. ಮತ್ತೆ ಒತ್ತಿದೆ. ಮೂರು. ನನಗೇ ವಯಸ್ಸಾಯಿತೇನೋ, ಕೋಡ್ ಮರೆತಿದ್ದೇನೇನೋ ಅಂದುಕೊಂಡೆ. ಲೆಕ್ಕ ಇಟ್ಟಾಗ ಹತ್ತಕ್ಕೆ ನಾಲ್ಕು.

ಕಾಂಟ್ರಾದಲ್ಲಿ ಕೆಳಗೆ ಒತ್ತಿದರೆ ನಮ್ಮ ಮನುಷ್ಯ ನೆಲಕ್ಕೆ ಮಲಗುತ್ತಾನೆ, ಗುಂಡು ತಲೆಯ ಮೇಲೆ ಹೋಗುತ್ತದೆ. ಕೆಳಗೆ ಮತ್ತು ಬಲ ಎರಡೂ ಸೇರಿದರೆ ಮಲಗುವುದಿಲ್ಲ, ಬಂದೂಕನ್ನು ಕೆಳಕ್ಕೆ ತೋರಿಸಿಕೊಂಡು ಮುಂದೆ ನಡೆಯುತ್ತಾನೆ. ನನ್ನ ಯಂತ್ರದಲ್ಲಿ ನಾನು ಮಲಗು ಅಂದಾಗಲೆಲ್ಲ ಅವನು ನಡೆದ. ಸೀದಾ ಹೋಗಿ ಗುಂಡಿಗೆ ಎದೆ ಕೊಟ್ಟ. ಒಂದೇ ಏಟಿಗೆ ಸಾಯುವ ಆಟದಲ್ಲಿ ಇದನ್ನು ಸಹಿಸುವುದು ಹೇಗೆ? ಬ್ಯಾಟಲ್ ಸಿಟಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿ ಕೆಳಗೆ ಮಧ್ಯದಲ್ಲಿ ಇಟ್ಟಿಗೆ ಗೋಡೆಯೊಳಗೆ ಹದ್ದು ಇರುತ್ತದೆ, ಅದನ್ನು ಕಾಯುವುದೇ ಕೆಲಸ. ಒಂದು ಹಂತಕ್ಕೆ 20 ಟ್ಯಾಂಕ್ ಹೊಡೆಯಬೇಕು. ಹತ್ತೊಂಬತ್ತು ಹೊಡೆದಿದ್ದೆ. ಗೋಡೆ ಅಷ್ಟರಲ್ಲಿ ಒಡೆದುಹೋಗಿತ್ತು, ಹದ್ದಿನ ನೆತ್ತಿಯ ಮೇಲೇ ನಿಂತಿದ್ದೆ. ಎಡಕ್ಕೆ ತಿರುಗಿಸಿ ಗುಂಡು ಹಾರಿಸಿದೆ. ಟ್ಯಾಂಕ್ ತಿರುಗಿದ್ದು ಕೆಳಕ್ಕೆ. ನಮ್ಮ ಹದ್ದನ್ನು ನಾನೇ ಹೊಡೆದೆ. ಆಟ ಮುಗಿಯಿತು. ರಾಮನಗರದ ಬಂಡೆಗಳನ್ನು ನೋಡುತ್ತಾ ನಿಂತೆ.

ಇದರ ಕಾರಣ ಏನು ಅಂತ ಬಿಚ್ಚಿ ನೋಡಿದೆ. ದಿಕ್ಕು ಒತ್ತುವ ಪ್ಲಸ್ ಆಕಾರದ ಬಟನ್ ಕೆಳಗೆ ಇರುವುದು ಟಿವಿ ರಿಮೋಟ್‌ನೊಳಗೆ ಇರುವಂಥದ್ದೇ ರಬ್ಬರ್ ಹಾಳೆ, ನಾಲ್ಕು ದಿಕ್ಕಿಗೆ ನಾಲ್ಕು ಕಪ್ಪು ಚುಕ್ಕೆ. ಚುಕ್ಕೆ ಕೆಳಗಿನ ಬೋರ್ಡಿಗೆ ತಗಲಿದರೆ ಒತ್ತಿದ ಹಾಗೆ. ಪ್ಲಸ್ಸಿನ ಮಧ್ಯದಲ್ಲಿ ಕೆಳಗಡೆ ಒಂದು ಸಣ್ಣ ಗೂಟ ಇರುತ್ತದೆ. ಸೀಸಾ ಹಲಗೆಗೆ ನಡುವೆ ದಿಮ್ಮಿ ಇರುವ ಹಾಗೆ. ಒಂದು ಕಡೆ ಇಳಿದರೆ ಎದುರು ಕಡೆ ಏಳಬೇಕು. ನಿಂಟೆಂಡೊದ ಗುನ್ಪೇ ಯೊಕೊಯಿ 1982ರಲ್ಲಿ ಗೇಮ್ ಅಂಡ್ ವಾಚ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಪೈಕಿ ಡಾಂಕಿ ಕಾಂಗ್‌ಗೆ ಈ ಪ್ಲಸ್ ಆಕಾರ ಕೊಟ್ಟರು, ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು. ನಲವತ್ತು ವರ್ಷದ ಹಳೆಯ ವಿದ್ಯೆ. ನನ್ನ ಪೀಸ್‌ನಲ್ಲಿ ಆ ಗೂಟ ಗಿಡ್ಡ. ಹಾಗಾಗಿ ಒಂದು ತುದಿ ಒತ್ತಿದರೆ ಇಡೀ ಬಟನ್ನೇ ಕುಸಿದು, ಪಕ್ಕದ ಚುಕ್ಕೆಯೂ ತಗಲುತ್ತದೆ.

ಇದಕ್ಕೊಂದು ನಾಟಿ ಮದ್ದು ಇದೆ. ಬೋರ್ಡಿನ ಮೇಲೆ ಚುಕ್ಕೆ ತಗಲುವ ಜಾಗದ ಅಂಚಿಗೆ ಸಣ್ಣದಾಗಿ ಟೇಪ್ ಅಂಟಿಸುವುದು. ಆಗ ತಗಲುವ ಜಾಗ ಕಿರಿದಾಗುತ್ತದೆ, ಸರಿಯಾಗಿ ಒತ್ತಿದರೆ ಮಾತ್ರ ಹತ್ತುತ್ತದೆ. ಭಾನುವಾರ ಮಧ್ಯಾಹ್ನ ಊಟದ ಟೇಬಲ್ ಮೇಲೆ ಕೂತೆ. ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್, ಮಗಳ ಪೆನ್ಸಿಲ್ ಬಾಕ್ಸಿನ ಸೆಲೋ ಟೇಪ್, ಉಗುರು ಕತ್ತರಿ. ಅಕ್ಕಿ ಕಾಳಿನಷ್ಟು ಟೇಪ್ ಕತ್ತರಿಸುವುದು, ಅದು ಬೆರಳಿಗೇ ಅಂಟಿಕೊಳ್ಳುವುದು, ಬಿಡಿಸುವುದು. “ರೀ, ಎರಡು ಸಾವಿರದ ಮಿಕ್ಸಿ ರಿಪೇರಿ ಮಾಡ್ಸಿ ಅಂದ್ರೆ ಟೈಮಿಲ್ಲ ಅಂತೀರಲ್ಲ” ಅಂತ ಒಳಗಿನಿಂದ ಮಾತು ಬಂತು. ಉತ್ತರ ಕೊಡಲಿಲ್ಲ. ಜೋಡಿಸಿ ನೋಡಿದರೆ ಹತ್ತಕ್ಕೆ ಎಂಟು! ಒಂದು ವಾರ ರಾಜನ ಹಾಗಿದ್ದೆ. ಎಂಟನೇ ದಿನ, ಸೆಕೆಗೋ ಏನೋ, ಟೇಪ್ ಸರಿದು ಎಡಕ್ಕೆ ಒತ್ತಿದರೆ ಏನೂ ಆಗದ ಸ್ಥಿತಿಗೆ ಬಂತು. ಮತ್ತೆ ಬಿಚ್ಚಿದೆ, ಮತ್ತೆ ಅಂಟಿಸಿದೆ. ಮೂರನೇ ಸಲ ಒಂದು ಸ್ಕ್ರೂ ಬಿದ್ದು ಸಿಂಕ್ ಕಡೆ ಉರುಳಿತು. ಅಲ್ಲಿಗೆ ಕೈ ಮುಗಿದೆ. ಮಾರಿದವರಿಗೆ ಹೇಳಿದರೆ “ಬಟನ್ ಕೆಲಸ ಮಾಡ್ತಿದೆಯಲ್ಲ ಸರ್” ಅಂದರು. ಮಾಡುತ್ತಿತ್ತು, ನಿಜ. ಒಂದು ಕೇಳಿದರೆ ಎರಡು ಮಾಡುತ್ತಿತ್ತು.

ಮಿಯೂ ತರಿಸಿದ್ದು ಇದಾದ ಮೇಲೆ. ಕಸ್ಟಮ್ಸ್ ಎಲ್ಲಾ ಸೇರಿ 6,500ರ ಹತ್ತಿರ ಬಿತ್ತು. ಡಬ್ಬಿ ಬಿಚ್ಚಿ ಮೊದಲು ಮಾಡಿದ ಕೆಲಸವೇ ಕೋಡ್. ಹತ್ತಕ್ಕೆ ಹತ್ತು. ಪ್ಲಸ್ ಬಟನ್ ಸ್ವಲ್ಪ ಗಟ್ಟಿ, ಒತ್ತಿದರೆ ಮಧ್ಯದ ಗೂಟ ಹೆಬ್ಬೆರಳಿಗೆ ಗೊತ್ತಾಗುತ್ತದೆ. ವಡೆ ತಿಂದ ಎಣ್ಣೆ ಕೈಯಲ್ಲೂ ಜಾರುವುದಿಲ್ಲ, ಆದರೆ ಹಾಗೆ ಮಾಡಬೇಡಿ.

ಇನ್ನೊಂದು ಕಾರಣಕ್ಕೂ ಇದು ನನ್ನ ರೈಲಿಗೆ ಹೇಳಿ ಮಾಡಿಸಿದ ಹಾಗಿದೆ. ಇದಕ್ಕೆ ಅಭಿಮಾನಿಗಳೇ ಸೇರಿ ಮಾಡಿದ ಆನಿಯನ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದನ್ನು ಹಾಕಿದ ಮೇಲೆ ಪವರ್ ಆಫ್ ಮಾಡಿದರೆ ಆಟ ಇದ್ದ ಜಾಗ ತಾನೇ ನೆನಪಿಟ್ಟುಕೊಳ್ಳುತ್ತದೆ. ಸಂಜೆ ಆನ್ ಮಾಡಿದರೆ ಬೆಳಿಗ್ಗೆ ಹಾರುತ್ತಿದ್ದವನು ಗಾಳಿಯಲ್ಲೇ ಇರುತ್ತಾನೆ. ಚಿಕ್ಕಂದಿನಲ್ಲಿ ಏಳನೇ ಹಂತಕ್ಕೆ ಬಂದಾಗ ಕರೆಂಟ್ ಹೋಗಿ ಅತ್ತವರಿಗೆ ಇದರ ಬೆಲೆ ಗೊತ್ತು.

ಪರದೆ 640×480. ಹಳೆಯ ನಿಂಟೆಂಡೊ ಚಿತ್ರದ ಎತ್ತರ 240 ಗೆರೆ, ಸರಿಯಾಗಿ ದುಪ್ಪಟ್ಟು, ಚುಕ್ಕೆಗಳು ಚೌಕವಾಗಿ ಕೂರುತ್ತವೆ. ಸ್ಪೀಕರ್ ಸಾಧಾರಣ. ಟಿವಿಗೆ ಹಾಕಲು ಆಗುವುದಿಲ್ಲ. ಮೊಬೈಲಿನ ಫಾಸ್ಟ್ ಚಾರ್ಜರ್‌ಗೆ ಸಿಕ್ಕಿಸಬೇಡಿ, ಹಳೆಯ ಸಾದಾ ಚಾರ್ಜರ್ ಸಾಕು. ಜೊತೆಗೆ ಬರುವ ಮೆಮೊರಿ ಕಾರ್ಡ್ ನಂಬಬೇಡಿ, ಒಳ್ಳೆಯದೊಂದು ಬೇರೆ ಕೊಳ್ಳಿ.

ಕಾರ್ಡ್ ವಿಷಯ ಬಂತಲ್ಲ, ಒಂದು ಮಾತು. ಸಾವಿರಾರು ಆಟ ತುಂಬಿ ಕಳಿಸುತ್ತಾರೆ, ಅದು ಕದ್ದ ಮಾಲು. ನಮ್ಮ ಹಳದಿ ಕ್ಯಾಸೆಟ್ಟೂ ಅದೇ ಆಗಿತ್ತು, ಆಗ ಗೊತ್ತಿರಲಿಲ್ಲ ಅಷ್ಟೇ. ಕೊನಾಮಿಯವರೇ 2019ರಲ್ಲಿ ಕಾಂಟ್ರಾ ಆಟಗಳ ಸಂಗ್ರಹವನ್ನು ಕಂಪ್ಯೂಟರಿಗೂ ದೊಡ್ಡ ಕನ್ಸೋಲ್‌ಗಳಿಗೂ ಬಿಟ್ಟಿದ್ದಾರೆ, ಅದನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ. ಹಾಗೆಂದು ಕಾರ್ಡಿನಲ್ಲಿರುವ ಕದ್ದ ನಕಲು ನ್ಯಾಯವಾಗಿಬಿಡುತ್ತದೆ ಅಂತ ವಾದ ಮಾಡುವುದಿಲ್ಲ. ಹಳೆಯ ಯಂತ್ರಕ್ಕೇ ಅಂತ ಈಗ ಹೊಸದಾಗಿ ಬರೆದ ಆಟಗಳೂ ಇವೆ. 2019ರ ಮೈಕ್ರೋ ಮೇಜಸ್ ಅಂಥದ್ದು, ಇಡೀ ಆಟ 40 ಕಿಲೋಬೈಟ್. ವಾಟ್ಸಾಪ್‌ನ ಗುಡ್ ಮಾರ್ನಿಂಗ್ ಹೂವಿನ ಫೋಟೋ ಅದಕ್ಕಿಂತ ದೊಡ್ಡದು.

ಪೂರಾ ನ್ಯಾಯವಾದ ದಾರಿ ಬೇಕು ಅಂದರೆ ನಿಂಟೆಂಡೊದವರದೇ ಕೈಯಲ್ಲಿ ಹಿಡಿಯುವ ಯಂತ್ರ ಸ್ವಿಚ್ ಲೈಟ್. ಆಫೀಸಿನ ಗೆಳೆಯ ಒಂದು ವಾರ ಕೊಟ್ಟಿದ್ದ. ಹತ್ತಕ್ಕೆ ಹತ್ತು. ಲೈಟೇ ಯಾಕೆ ಅಂದರೆ, ದೊಡ್ಡ ಸ್ವಿಚ್‌ನ ಎಡಗೈ ಕಡೆ ಪ್ಲಸ್ ಬಟನ್ನೇ ಇಲ್ಲ, ನಾಲ್ಕು ಬಿಡಿ ಗುಂಡಿಗಳು. ಲೈಟ್‌ನಲ್ಲಿ ಪ್ಲಸ್ ಇದೆ. ಕಾಂಟ್ರಾ ಸಂಗ್ರಹವೂ ಸಿಗುತ್ತದೆ, ತಿಂಗಳ ಚಂದಾ ಕಟ್ಟಿದರೆ ಹಳೆಯ ನಿಂಟೆಂಡೊ ಆಟಗಳೂ ಬರುತ್ತವೆ. ಆದರೆ ಬೆಲೆ ನನ್ನದರ ಮೂರು ಪಟ್ಟಿನ ಹತ್ತಿರ, ಜೇಬಿಗೆ ಹಿಡಿಸುವುದಿಲ್ಲ, ಮತ್ತು ಅದನ್ನು ರೈಲಿನಲ್ಲಿ ಹಿಡಿದು ನಿಂತರೆ ನನ್ನ ಗಮನವೆಲ್ಲ ಕಿಟಕಿ ಹೊರಗಿನಿಂದ ಕಿತ್ತುಕೊಳ್ಳುವವರ ಮೇಲೇ. ಮನೆಯಲ್ಲೇ ಆಡುವವರು, ಮಕ್ಕಳಿಗೂ ಆಗಬೇಕು ಅನ್ನುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ.

ನನ್ನ ಹಾಗೆ ದಿನಾ ಓಡಾಡುವವರು, ಏಳು ಸಾವಿರದೊಳಗೆ ಮುಗಿಯಬೇಕು ಅನ್ನುವವರು ಮಿಯೂ ತೆಗೆದುಕೊಳ್ಳಿ. ಸುಮ್ನೆ ಒಂದು ತಿಂಗಳ ಹುಚ್ಚು ಅನ್ನಿಸಿದರೆ 550ರ ಡಬ್ಬಿ ಸಾಕು. ಬೇರೆ ಯಾವುದನ್ನೇ ನೋಡಿದರೂ ಕೊಳ್ಳುವ ಮುಂಚೆ ಹತ್ತು ಸಲ ಕೋಡ್ ಒತ್ತಲು ಬಿಡಿ ಅಂತ ಅಂಗಡಿಯವರನ್ನು ಕೇಳಿ.

ಆ 5,400ರದ್ದನ್ನು ಹೋದ ಯುಗಾದಿಗೆ ಅಕ್ಕನ ಮಗನಿಗೆ ಕೊಟ್ಟೆ, ಒಂದು ಸ್ಕ್ರೂ ಕಡಿಮೆ ಇರುವ ಹಾಗೇ. ಒಂಬತ್ತು ವರ್ಷದವನು. ಮೊನ್ನೆ ವಿಡಿಯೋ ಕಳಿಸಿದ್ದ. ಚಿಕ್ಕ ಹೆಬ್ಬೆರಳು, ಪ್ಲಸ್ಸಿನ ತುದಿಗೆ ಮಾತ್ರ ಮುಟ್ಟುತ್ತದೆ. ಮೇಲೆ, ಮೇಲೆ, ಕೆಳಗೆ, ಕೆಳಗೆ ಅಂತ ಬಾಯಲ್ಲಿ ಹೇಳಿಕೊಂಡು ಪಟಪಟ ಒತ್ತುತ್ತಾನೆ. “ಹತ್ತಕ್ಕೆ ಹತ್ತು ಮಾವ, ನಿಂಗ್ಯಾಕೆ ಬರ್ತಿರ್ಲಿಲ್ಲ?”