ಕಿನ್ನಾಳದ ಗೊಂಬಿ ವರ್ಕ್‌ಶಾಪ್: ಎಂಟ್ ದಿನ ಅಲ್ಲೇ ಇದ್ದು ನೋಡಿದ್ದು

ಕೊಪ್ಪಳದ ಹತ್ರ ಕಿನ್ನಾಳದಾಗ ಒಂದು ಚಿತ್ರಗಾರರ ಮನಿಯವ್ರು ಹೊರಗಿನ ಕಲಾವಿದರನ್ನ ಮನ್ಯಾಗ ಇಟ್ಕೊಂಡು ಗೊಂಬಿ ಕೆಲಸ ಕಲಿಸ್ತಾರ್ರೀ. ಹೋದ ಚಳಿಗಾಲದಾಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಕಟ್ಟಿಗಿ ಕೆತ್ತೋ ಒಬ್ರು ಕಲಾವಿದೆ ಬಂದಿದ್ರು, ಮಾತು ತಿಳಿಸಾಕ ನನ್ನ ಕರದ್ರು, ಎಂಟ್ ದಿನಾನೂ ಜೋಡಿಗೇ ಇದ್ದೆ.

ಮೊದಲ್ನೇ ದಿನ ಗೊಂಬಿ ಕೆತ್ತೋ ಪೊಣಕಿ ಕಟ್ಟಿಗಿ ಕೈಯಾಗ ಹಿಡದು ಆ ಅಕ್ಕಾರು ಬೆರಗಾಗಿಬಿಟ್ರು, ಇಷ್ಟ್ ಹಗುರಾ ಅಂತ. ಅವ್ರು ಕೆತ್ತೋದು ನೀಲಗಿರಿ ಜಾತಿ ಕಟ್ಟಿಗಿ, ನಮ್ ಕಡೆ ನೆಟ್ಟಿರೋ ನೀಲಗಿರಿ ಮೂಲ ಅವ್ರ ದೇಶದ್ದೇ ಅಲ್ಲೇನ್ರಿ, ಭಾಳ ಬಿರುಸು, ಉಳಿಗೆ ಜೋರ್ ಹಾಕಿ ಹೊಡದೇ ಅವ್ರಿಗೆ ರೂಢಿ. ಇಲ್ಲಿ ಹಂಗ ಹೊಡದ್ರ ಗರುಡನ ಗೊಂಬಿ ಮೂಗೇ ಹಾರಿಹೋತು! ಕಲಿಸೋ ಆ ಮನಿ ಅಜ್ಜಾರು ಏನೂ ಅನ್ಲಿಲ್ಲ, ಒಂದ್ ಚಿಟಿಕಿ ಕಿಟ್ಟ ತಗೊಂಡು ಹೆಬ್ಬೆಟ್ಟಿಲೆ ಒತ್ತಿ ಒತ್ತಿ ಹೊಸ ಮೂಗು ಕೂಡಿಸಿಕೊಟ್ರು. ಕಿಟ್ಟ ಅಂದ್ರ ಸೆಣಬಿನ ಚಿಂದಿ ಪುಡಿ, ಕಟ್ಟಿಗಿ ಪುಡಿ, ಹುಣಸಿಬೀಜದ ಅಂಟು ಕಲಸಿದ್ದು. ಮರುದಿನ ಅಕ್ಕಾರು ಉಳಿ ಮುಟ್ಟಲೇ ಇಲ್ಲ, ಸಂಜಿತನಕ ಕಿಟ್ಟ ಕಲಸೋದೇ ಕಲ್ತ್ರು. ಅವ್ರು ಚರ್ಮದ ಪಟ್ಟಿ ಮ್ಯಾಲೆ ಉಳಿ ಮಸಿಯೋದು ತೋರಿಸಿಕೊಟ್ರು, ಅಜ್ಜಾರ ಮೊಮ್ಮಗ ಈಗ ದಿನಾ ಹಂಗೇ ಮಸೀತಾನ. ಒಂದ್ ತಾಸು ಡೆಮೊ ನೋಡಿ ಫೋಟೋ ಹೊಡ್ಕೊಂಡು ಹೋದ್ರ ಇದು ಆಗ್ತಿರ್ಲಿಲ್ಲ.

ಊಟ ಚಲೋ ಐತಿ, ಮುಂಜಾನೆ ಸುಸಲಾ ಮಿರ್ಚಿ, ಮಧ್ಯಾಹ್ನ ರೊಟ್ಟಿ ಪಲ್ಯ. ಕರೆಂಟ್ ಹೋಗ್ತಿರ್ತದ.

ನನಗ ಬ್ಯಾಸರಾಗಿದ್ದು ರೊಕ್ಕದ ವಿಷಯ. ಅಕ್ಕಾರ ವಿಮಾನದ ಖರ್ಚು ಅವ್ರ ದೇಶದ ಗ್ರಾಂಟ್‌ನಾಗ ಬಂದೈತಿ, ಒಳ್ಳೇದೇ, ಆದ್ರ ಜಾತ್ರಿ ಆರ್ಡರ್ ಬಿಟ್ಟು ಎಂಟ್ ದಿನ ಕಲಿಸಿದ ಅಜ್ಜಾರಿಗೆ ನಡುವ ವ್ಯವಸ್ಥಾ ಮಾಡಿದೋರು ಶಾಲು ಹೊದಿಸಿ ಕೈ ಮುಗದ್ರು, ಅಷ್ಟೇ. ಕೊನಿಗೆ ಅಕ್ಕಾರೇ ಕೈಲಿಂದ ಕೂಲಿ ಕೊಟ್ರು. ಇದು ಮೊದ್ಲೇ ಬಜೆಟ್‌ನಾಗ ಇರ್ಬೇಕಿತ್ತು. ಬ್ರಿಸ್ಬೇನ್‌ದ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿ 1993ರಿಂದ ಏಷ್ಯಾ ಪೆಸಿಫಿಕ್ ಟ್ರಯೆನಿಯಲ್ ಅಂತ ದೊಡ್ಡ ಪ್ರದರ್ಶನ ನಡಸ್ತೈತಿ, ಏಷ್ಯಾದ ಕಲಾವಿದರ ಕೆಲಸ ಅಲ್ಲಿ ಹೋಗ್ತೈತಿ. ಕಿನ್ನಾಳದ ಹುಡುಗ್ರೂ ಆ ದೇಶಕ್ಕ ಹೋಗಿ ಕಲ್ತು, ಕಲಿಸಿ ಬರ್ಬೇಕು. ಮೊಮ್ಮಗನ ಪಾಸ್‌ಪೋರ್ಟಿಗೆ ಅರ್ಜಿ ಹಾಕೀವಿ.

ಹೋಗೋರು ದೀಪಾವಳಿ ಆದ್ಮ್ಯಾಲೆ ಹೋಗ್ರಿ, ಮಳಿಗಾಲದಾಗ ಕಿಟ್ಟ ಲಗೂನ ಒಣಗಂಗಿಲ್ಲ. ಕೂಲಿ ಎಷ್ಟಂತ ಅಜ್ಜಾರನ್ನೇ ಕೇಳಿ ಮೊದ್ಲೇ ಕೊಟ್ಟುಬಿಡ್ರಿ.