ಸಿಸೇರಿಯನ್ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಗಿದೆ ಅಂತ ನಂಬಿ ಕೂರಬೇಡಿ

ಎರಡನೇ ಹೆರಿಗೆಗೆ ದಿನ ಎಣಿಸುತ್ತಿರುವ ತುಮಕೂರು ಕಡೆಯ ಅಕ್ಕತಂಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಕೊರಟಗೆರೆ ಹತ್ತಿರದ ಹಳ್ಳಿ. ನನ್ನ ಮೊದಲನೆಯದು ಸಿಸೇರಿಯನ್. ಎರಡನೆಯದೂ ಅದೇ ಆಗಬಹುದು ಅಂತ ಮೊದಲೇ ಹೇಳಿದ್ದರು. ಹೇಗೂ ಹೊಟ್ಟೆ ಕುಯ್ಯುತ್ತಾರೆ, ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಗಿಹೋಗಲಿ ಅಂತ ತೀರ್ಮಾನ ಮಾಡಿದ್ದು ನಾನೇ. ಚೆಕಪ್ಪಿನಲ್ಲಿ ಡಾಕ್ಟರಿಗೆ ಹೇಳಿದೆ. ‘ಆಯ್ತಮ್ಮ’ ಅಂದರು. ಬಾಯಿಮಾತು, ಅಷ್ಟೇ. ತಾಯಿ ಕಾರ್ಡಿನಲ್ಲಿ ಒಂದು ಸಾಲೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಕೊಟ್ಟ ತಾರೀಖಿಗಿಂತ ಹತ್ತು ದಿನ ಮುಂಚೆ, ಸರಿರಾತ್ರಿ ನೋವು ಬಂತು. ತುಮಕೂರಿಗೆ ಬರುವಷ್ಟರಲ್ಲಿ ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಬೇರೆಯವರು. ಓಟಿ ಬಾಗಿಲಲ್ಲಿ ನಮ್ಮನೆಯವರು ಮೂರು ನಾಲ್ಕು ಕಾಗದಕ್ಕೆ ಸಹಿ ಹಾಕಿದರು. ಮಕ್ಕಳಾಗದ ಆಪರೇಷನ್ನಿನ ಒಪ್ಪಿಗೆಯೂ ಇದರಲ್ಲೇ ಇದೆ ಅಂದುಕೊಂಡರಂತೆ. ವಾರ್ಡಿಗೆ ಬಂದಮೇಲೆ ಸಿಸ್ಟರನ್ನು ‘ಎರಡೂ ಆಯ್ತಾ’ ಅಂದೆ. ‘ಎಲ್ಲಾ ಆಯ್ತು, ಮಲಕ್ಕೊಳ್ಳಮ್ಮ’ ಅಂದರು.

ಮಗುವಿಗೆ ಇನ್ನೂ ಹಾಲು ಕೊಡುತ್ತಿದ್ದೆ, ಮುಟ್ಟು ಸರಿಯಾಗಿ ಶುರುವಾಗಿರಲಿಲ್ಲ. ಹೊಟ್ಟೆ ಉಬ್ಬಿದಾಗ ಗ್ಯಾಸು ಅಂದುಕೊಂಡು ಜೀರಿಗೆ ನೀರು ಕುಡಿದೆ. ಆಪರೇಷನ್ ಆದವಳಿಗೆ ಬೇರೆ ಯೋಚನೆ ಯಾಕೆ ಬರುತ್ತದೆ? ಸ್ಕ್ಯಾನಿನಲ್ಲಿ ಮತ್ತೆ ಬಸಿರು, 22 ವಾರ ಅಂದರು. ಕೂಸು ಕಂಕುಳಲ್ಲೇ ಇತ್ತು, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮನೆಗೆ ಬಂದು ಫೈಲು ತೆಗೆದರೆ ಡಿಸ್ಚಾರ್ಜ್ ಸಮರಿಯಲ್ಲಿ ಇದ್ದದ್ದು ‘ಎಲ್‌ಎಸ್‌ಸಿಎಸ್’ ಅಂತ ಮಾತ್ರ. ಅಂದರೆ ಬರೀ ಸಿಸೇರಿಯನ್. ‘ಟ್ಯೂಬೆಕ್ಟಮಿ’, ಅಂದರೆ ಹೆಂಗಸರ ಮಕ್ಕಳಾಗದ ಆಪರೇಷನ್, ಅನ್ನುವ ಪದ ಎಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ‘ನಿಮ್ಮ ಒಪ್ಪಿಗೆ ಪತ್ರ ಇರಲಿಲ್ಲ, ಮಾಡಲಿಲ್ಲ’ ಅಂದರು. ನನ್ನ ಸಹಿ ಇಲ್ಲದೆ ಮಾಡದಿದ್ದದ್ದು ಸರಿಯೇ, ಅದನ್ನು ತಪ್ಪು ಅನ್ನುವುದಿಲ್ಲ. ಮಾಡಿಲ್ಲ ಅಂತ ಒಂದು ಮಾತು ಹೇಳಲಿಲ್ಲವಲ್ಲ, ಅದಕ್ಕೆ ನನಗೆ ಇವತ್ತಿಗೂ ಸಿಟ್ಟು.

ಈ ಆಪರೇಷನ್‌ಗೆ ಬೇಕಿರುವುದು ಹೆಂಗಸಿನದೇ ಸಹಿ. ಗಂಡನ ಸಹಿ ಸಾಕಾಗುವುದಿಲ್ಲ, ನಿಯಮದ ಪ್ರಕಾರ ಬೇಕಾಗಿಯೂ ಇಲ್ಲ. ಮಂಪರಿನಲ್ಲಿ, ನೋವಿನಲ್ಲಿ ಒದ್ದಾಡುವಾಗ ಕೊಡುವ ಒಪ್ಪಿಗೆ ಒಪ್ಪಿಗೆಯಲ್ಲ. ಹಾಗಾಗಿ ಏಳೆಂಟನೇ ತಿಂಗಳಲ್ಲೇ ಕನ್ನಡದ ಫಾರಂ ಕೇಳಿ, ಓದಿಸಿಕೊಂಡು ಸಹಿ ಹಾಕಿ, ತಾಯಿ ಕಾರ್ಡಿನಲ್ಲೂ ಬರೆಸಿ. ಮನಸ್ಸು ಡೋಲಾಯಮಾನವಾಗಿದ್ದರೆ ಬೇಡವೇ ಬೇಡ, ಕಟ್ಟಿದ ನಾಳ ಮತ್ತೆ ಜೋಡಿಸುವುದು ಸುಲಭವಲ್ಲ. ಅದರ ಬದಲು ಸಿಸೇರಿಯನ್ ಸಮಯದಲ್ಲೇ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಳ್ಳಬಹುದು, ಬೇಕೆಂದಾಗ ತೆಗೆಸಬಹುದು. (ಗಂಡಸರದು ಇದಕ್ಕಿಂತ ಎಷ್ಟೋ ಚಿಕ್ಕ ಆಪರೇಷನ್, ಹೊಲಿಗೆಯೂ ಇಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ.)

ಡಿಸ್ಚಾರ್ಜ್ ದಿನ ಸಮರಿಯಲ್ಲಿ ‘ಟ್ಯೂಬೆಕ್ಟಮಿ’ ಅನ್ನುವ ಪದ ಇದೆಯಾ ನೋಡಿಯೇ ಹೊರಡಿ. ಆಮೇಲೆ ಸಂತಾನಹರಣ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಆಪರೇಷನ್ ಆಗಿಯೂ ಅಪರೂಪಕ್ಕೆ ಗರ್ಭ ನಿಲ್ಲುವುದುಂಟು. ಹಾಗಾದರೆ ಸರ್ಕಾರದ ಪರಿಹಾರ ಇದೆ, ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು, ಅದಕ್ಕೂ ಆ ಸರ್ಟಿಫಿಕೇಟೇ ಬೇಕು.

ಮೂರನೇ ಸಿಸೇರಿಯನ್ನಿಗೆ ಹೋದಾಗ ಓಟಿಯೊಳಗೆ ಡಾಕ್ಟರಿಗೆ ಮತ್ತೊಮ್ಮೆ ಹೇಳಿ, ಫಾರಂ ಫೈಲಿನಲ್ಲಿದೆಯಾ ಅಂತ ಕೇಳಿ, ಆಮೇಲೆ ಮಲಗಿದೆ.