ಲಾಕ್ ಇದೆ ಅಂತ ನಂಬಿ ಅಗ್ಗದ ಮಲ್ಟಿಟೂಲ್ ಕೊಳ್ಳಬೇಡಿ

"18 ಇನ್ 1" ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ, ಯಾವ ಕಂಪನಿಯದ್ದು ಅಂತಲೇ ಗೊತ್ತಾಗದ ಮಲ್ಟಿಟೂಲ್ (ಚಾಕು, ಇಕ್ಕಳ, ಸ್ಕ್ರೂ ಡ್ರೈವರ್ ಎಲ್ಲ ಒಂದೇ ಹಿಡಿಯೊಳಗೆ ಮಡಚಿಡುವ ಸಾಧನ) ಕೊಳ್ಳೋಣ ಅಂತ ಯಾರಾದರೂ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಅಂಥದ್ದೊಂದರಲ್ಲಿ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯಬೇಕಿದ್ದ ಲಾಕ್ ಜಾರಿ ನನ್ನ ಗೆಳೆಯನ ತೋರುಬೆರಳು ಮೂಳೆಯವರೆಗೆ ಕೊಯ್ದುಹೋಯಿತು. ಬೆರಳು ಉಳಿದಿದೆ. ಆದರೆ ಈಗಲೂ ಪೂರ್ತಿ ಮಡಚಲು ಆಗುವುದಿಲ್ಲ. ಬೇರೆಯವರಿಗೆ ಹೀಗಾಗಬಾರದು ಅಂತ ಅವನೇ ಹೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಚಾರಣಕ್ಕೆ ಹೋದಾಗ ಟಾರ್ಪಾಲಿನ್ ಕಟ್ಟುತ್ತಿದ್ದೆವು. ಅಂಚಿನಲ್ಲಿದ್ದ ಒಂದು ಬಳೆ ಕಿತ್ತುಬಂದಿತ್ತು, ಹಗ್ಗ ಪೋಣಿಸಲು ಪಕ್ಕದಲ್ಲಿ ಇನ್ನೊಂದು ತೂತು ಬೇಕಿತ್ತು. ಅವನು ಮಲ್ಟಿಟೂಲ್‌ನ ಚಾಕು ಬಿಚ್ಚಿದ. ಟಕ್ ಅಂತ ಲಾಕ್ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಮೊನೆ ಒಳಗೆ ಹೋಯಿತು. ತೂತು ದೊಡ್ಡದು ಮಾಡಲು ಅಲಗನ್ನು ಸ್ವಲ್ಪ ತಿರುವಿದ, ಅಷ್ಟೇ. ಅಲಗು ಹಿಂದಕ್ಕೆ ಮಡಚಿಕೊಂಡು ಸೀದಾ ಬೆರಳ ಮೇಲೆ ಬಿತ್ತು. ದೊಡ್ಡ ಬಲವೇನೂ ಹಾಕಿರಲಿಲ್ಲ. ಲಾಕ್ ಇರುವ ಚಾಕು ಅಂದಮೇಲೆ ಅಷ್ಟನ್ನು ಸಲೀಸಾಗಿ ತಡೆಯಬೇಕಿತ್ತು.

ಊರಿಗೆ ಬಂದ ಮೇಲೆ ಅದರ ಸ್ಕ್ರೂಗಳನ್ನು ಬಿಚ್ಚಿ ನೋಡಿದೆ. ಒಳಗಿದ್ದದ್ದು ಲೈನರ್ ಲಾಕ್. ಇದು ಕೆಲಸ ಮಾಡುವ ರೀತಿ ಸರಳ. ಹಿಡಿಯ ಒಳಗೆ ಲೋಹದ ಒಂದು ತೆಳು ಪಟ್ಟಿ, ಒಳಮುಖವಾಗಿ ಸ್ವಲ್ಪ ಬಾಗಿರುತ್ತದೆ. ಅಲಗು ಪೂರ್ತಿ ತೆರೆದ ಕೂಡಲೇ ಪಟ್ಟಿ ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ ಇದನ್ನು ಇವತ್ತಿನ ರೂಪಕ್ಕೆ ತಂದರು. ಸರಿಯಾಗಿ ಮಾಡಿದರೆ ತುಂಬಾ ಒಳ್ಳೆಯ ಲಾಕ್. ಸರಿಯಾಗಿ ಅಂದರೆ, ಬುಡದ ಆ ಮುಖವನ್ನು ಸ್ವಲ್ಪ ಓರೆಯಾಗಿ, ನುಣುಪಾಗಿ ಉಜ್ಜಿರಬೇಕು. ಆಗ ಪಟ್ಟಿ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ, ಒತ್ತಿದರೂ ಜಾರುವುದಿಲ್ಲ.

ನಮ್ಮದರಲ್ಲಿ ಉಜ್ಜಿದ ಗುರುತೇ ಇರಲಿಲ್ಲ. ಅಚ್ಚಿನಲ್ಲಿ ಕತ್ತರಿಸಿದ ಒರಟು ಗೀರುಗಳು ಹಾಗೇ ಇದ್ದವು. ಪಟ್ಟಿಯ ಅಗಲ ಪೂರ್ತಿ ತಾಗುವುದಿರಲಿ, ಒಂದು ಮೂಲೆ ಮಾತ್ರ ತಾಗುತ್ತಿತ್ತು. ಆ ಮೂಲೆ ಸವೆದು ದುಂಡಗಾಗಿ ಫಳಫಳ ಹೊಳೆಯುತ್ತಿತ್ತು. ಅಂದರೆ ತೆರೆದು ಮುಚ್ಚಿದ ಪ್ರತಿ ಸಲವೂ ಮೆತ್ತನೆಯ ತಗಡು ಸವೆಯುತ್ತಾ ಬಂದಿದೆ. ಟಕ್ ಅನ್ನುವ ಸದ್ದು ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಬರುತ್ತಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ಕೈಯಲ್ಲಿ ಹಿಡಿದವನು ಆ ಸದ್ದನ್ನು ನಂಬುತ್ತಾನೆ, ಇನ್ನೇನನ್ನು ನಂಬಬೇಕು?

ಮಾರಿದವರಿಗೆ ಫೋಟೋ ಸಮೇತ ಬರೆದೆವು. ಮೊದಲು "ಇದು ಹಗುರ ಬಳಕೆಗೆ ಮಾತ್ರ" ಅಂದರು. ಡಬ್ಬಿಯ ಮೇಲೆ ಇದ್ದದ್ದು "ಎಂಥ ಸಂದರ್ಭಕ್ಕೂ ಸಿದ್ಧ" ಅಂತ. ಆಮೇಲೆ, ಹಾಕಿದ ವಿಮರ್ಶೆ ತೆಗೆದುಬಿಟ್ಟರೆ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ತೆಗೆಯಲಿಲ್ಲ. ಇಂಥ ವಸ್ತುಗಳಿಗೆ ಬರೀ ಹೊಗಳಿಕೆಯ ಮಾತುಗಳೇ ಯಾಕೆ ಕಾಣುತ್ತವೆ ಅಂತ ಅವತ್ತು ಅರ್ಥವಾಯಿತು.

ಈಗ ನಾನು ಖಡಾಖಂಡಿತವಾಗಿ ಹೇಳುವುದು ಒಂದೇ: ಕೆಟ್ಟ ಲಾಕ್‌ಗಿಂತ ಲಾಕ್ ಇಲ್ಲದ ಚಾಕು ವಾಸಿ. ಕೇಳಲು ವಿಚಿತ್ರ ಅನ್ನಿಸಬಹುದು. ಸ್ವಿಟ್ಜರ್‌ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಆಫೀಸರ್ ಚಾಕು, ಅಂದರೆ ನಾವು ಸ್ವಿಸ್ ಆರ್ಮಿ ನೈಫ್ ಅನ್ನುವುದು, ಇವತ್ತಿಗೂ ಅದರ ಮಾಮೂಲಿ 91 ಮಿಲಿಮೀಟರ್ ಮಾದರಿಗಳ ಅಲಗಿಗೆ ಲಾಕ್ ಇಲ್ಲ. ಬೆನ್ನಿನಲ್ಲಿರುವ ಸ್ಪ್ರಿಂಗ್ ಬಿಗಿ ಹಿಡಿದಿರುತ್ತದೆ, ಅಷ್ಟೇ. ಟಿಮ್ ಲೆದರ್‌ಮನ್ 1983ರಲ್ಲಿ ಮಾರುಕಟ್ಟೆಗೆ ತಂದ ತಮ್ಮ ಮೊದಲ ಮಲ್ಟಿಟೂಲ್‌ನ ಚಾಕುವಿಗೂ ಲಾಕ್ ಇರಲಿಲ್ಲ. ಇವನ್ನು ಹಿಡಿದಾಗ ಅಲಗು ಮಡಚಿಕೊಳ್ಳಬಹುದು ಅನ್ನುವುದು ಕೈಗೆ ಗೊತ್ತಿರುತ್ತದೆ. ಬೆನ್ನಿನ ಕಡೆ ಒತ್ತಡ ಬೀಳುವ ಕೆಲಸಕ್ಕೆ ಕೈ ತಾನಾಗಿಯೇ ಹಿಂಜರಿಯುತ್ತದೆ. ಹೆಸರಿಗೆ ಮಾತ್ರ ಇರುವ ಲಾಕ್ ಆ ಎಚ್ಚರವನ್ನೇ ಕಿತ್ತುಕೊಳ್ಳುತ್ತದೆ.

ಲಾಕ್ ಬೇಕೇ ಬೇಕು ಅಂದರೆ ಸರಳವಾದದ್ದೂ ಇದೆ. ಫ್ರಾನ್ಸಿನ ಒಪಿನೆಲ್ ಚಾಕುವಿನ ಕತ್ತಿನಲ್ಲಿ ತಿರುಗಿಸುವ ಒಂದು ಉಕ್ಕಿನ ಉಂಗುರ ಇದೆ. 1955ರಿಂದ ಇರುವ ವ್ಯವಸ್ಥೆ. ಉಂಗುರ ತಿರುಗಿಸಿದ್ದೀರೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಮರೆಮಾಚಲು ಏನೂ ಇಲ್ಲ. ಹಿಡಿಯ ಬೆನ್ನಿನಲ್ಲಿದ್ದು ಅಲಗಿನ ಬುಡಕ್ಕೆ ಕೊಕ್ಕೆಯಂತೆ ಕೂರುವ ಬ್ಯಾಕ್ ಲಾಕ್ ಕೂಡ ಹಳೆಯದು, ನಂಬಬಹುದಾದದ್ದು.

ಲೈನರ್ ಲಾಕ್‌ನದ್ದೇ ಕೊಳ್ಳುವುದಾದರೆ ಕೈಗೆ ಬಂದ ಕೂಡಲೇ ಪರೀಕ್ಷೆ ಮಾಡಿ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ. ಅಲಗು ಪೂರ್ತಿ ತೆರೆದು ಹಿಡಿಯ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಪಟ್ಟಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗವಾದರೂ ಒಳಗೆ ಬಂದಿರಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಮಾತ್ರ ನಿಂತಿದ್ದರೆ ವಾಪಸ್ ಕಳಿಸಿ. ಆಮೇಲೆ ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಇಟ್ಟು, ಹಿಡಿಯನ್ನು ನಿಧಾನವಾಗಿ ಒತ್ತುತ್ತಾ ಹೋಗಿ. ಬೆರಳುಗಳು ಹಿಡಿಯ ಎರಡು ಪಕ್ಕದಲ್ಲಿ ಮಾತ್ರ ಇರಲಿ, ಅಲಗು ಬಂದು ಕೂರುವ ದಾರಿಗೆ ಒಂದೂ ಅಡ್ಡ ಬರಬಾರದು. ದಪ್ಪ ಗ್ಲೌಸ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಪಟ್ಟಿ ಸ್ವಲ್ಪವೇ ಸರಿದರೂ ಆ ಚಾಕು ಬೇಡ. ಕೆಲವರು ಬೆನ್ನನ್ನು ಮೇಜಿಗೆ ಟಪಟಪ ಹೊಡೆದು ನೋಡುತ್ತಾರೆ. ಅದು ಬೇಡ, ಒಳ್ಳೆಯ ಲಾಕ್ ಕೂಡ ಹಾಗೆ ಹಾಳಾಗುತ್ತದೆ.

ಅಲಗು ಅಲ್ಲಾಡುತ್ತದಾ ಅಂತಲೂ ನೋಡಿ. ಎಡಬಲಕ್ಕೆ ಸ್ವಲ್ಪ ಅಲ್ಲಾಡಿದರೆ ಬುಡದ ಸ್ಕ್ರೂ ಬಿಗಿ ಮಾಡಿದರೆ ಸಾಕಾಗಬಹುದು. ಮೇಲೆ ಕೆಳಗೆ ಅಲ್ಲಾಡಿದರೆ ತೊಂದರೆ ಲಾಕ್‌ನಲ್ಲೇ ಇದೆ. ಇನ್ನೊಂದು ಮಾತು: ಜೇಬಿನ ನೂಲು, ಮಣ್ಣು ಸೇರಿಕೊಂಡರೆ ಒಳ್ಳೆಯ ಲಾಕ್‌ನಲ್ಲೂ ಪಟ್ಟಿ ಪೂರ್ತಿ ಒಳಗೆ ಬರುವುದಿಲ್ಲ. ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಂದು ಹನಿ ಎಣ್ಣೆ ಬಿಡಿ.

ಉಕ್ಕಿನ ವಿಷಯದಲ್ಲೂ ಮೋಸ ಇದೆ. ನಮ್ಮದರ ಅಲಗಿನ ಮೇಲೆ "440" ಅಂತ ಕೊರೆದಿದ್ದರು. ಅದು ಉಕ್ಕಿನ ಒಂದು ಬಗೆಯ ಗುರುತು, ಆದರೆ ಬರೀ ಅಂಕಿ ಹಾಕಿದರೆ ಪೂರ್ತಿ ಮಾಹಿತಿ ಆಗುವುದಿಲ್ಲ. 440ಎ ಉಕ್ಕಿನಲ್ಲಿ ಇಂಗಾಲ ಶೇ. 0.60ರಿಂದ 0.75, 440ಸಿಯಲ್ಲಿ ಶೇ. 0.95ರಿಂದ 1.20. ಇದರಿಂದಾಗಿ ಹರಿತ ಉಳಿಯುವುದರಲ್ಲಿ ಎರಡಕ್ಕೂ ಒಳ್ಳೆಯ ವ್ಯತ್ಯಾಸ ಇದೆ, ಅದಕ್ಕೇ ಅಕ್ಷರ ಬರೆಯುವುದು. ಅಕ್ಷರ ಇಲ್ಲದಿದ್ದರೆ 440ಸಿ ಅಂದುಕೊಳ್ಳಬೇಡಿ. "ಸರ್ಜಿಕಲ್ ಸ್ಟೀಲ್" ಅನ್ನುವುದಕ್ಕಂತೂ ಖಚಿತ ಅರ್ಥವೇ ಇಲ್ಲ. ಇನ್ನು ಹದ ಕೊಡುವುದು ಕೆಟ್ಟರೆ ಯಾವ ಉಕ್ಕಾದರೂ ಅಷ್ಟೇ. ನಮ್ಮದು ಹಗ್ಗ ಕೊಯ್ದರೆ ಮೊಂಡಾಗುತ್ತಿತ್ತು, ಸಾಣೆ ಹಿಡಿದರೆ ಅಂಚು ತಂತಿಯಂತೆ ಮಡಚಿಕೊಳ್ಳುತ್ತಿತ್ತು.

ಇಕ್ಕಳದ ಕಥೆ ಚಿಕ್ಕದು. ಗಟ್ಟಿಯಾಗಿ ಕೂತಿದ್ದ ಒಂದು ನಟ್ಟು ತಿರುಗಿಸಲು ಹೋದಾಗ ಅದರ ಒಂದು ದವಡೆ ಮುರಿದು ಕೈಗೇ ಬಂತು. ಮುರಿದ ಜಾಗ ಬೂದು ಬಣ್ಣ, ಹರಳುಹರಳಾಗಿತ್ತು. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹುಯ್ದು ಮೇಲೆ ಕ್ರೋಮ್ ಹೊಳಪು ಕೊಟ್ಟರೆ ಹೀಗೇ ಇರುತ್ತದೆ. ಇದು ಸುಲಭದ ಪರೀಕ್ಷೆ, ಕೊಳ್ಳುವ ಮುಂಚೆ ಮಾಡಬಹುದು. ಅಯಸ್ಕಾಂತ ಅಂಟಿದರೆ ಒಳ್ಳೆಯದು ಅಂತ ಖಾತ್ರಿಯಿಲ್ಲ. ಆದರೆ ಉಕ್ಕಿನ ಇಕ್ಕಳ ಅಂತ ಹೇಳಿ ಮಾರಿದ್ದು ಅಂಟದೇ ಇದ್ದರೆ ಬಿಟ್ಟುಬಿಡಿ.

18 ಉಪಕರಣದ ಆಸೆಯನ್ನೂ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ದಿನನಿತ್ಯ ಬೇಕಾಗುವುದು ಚಾಕು, ಕತ್ತರಿ, ಒಂದೆರಡು ಸ್ಕ್ರೂ ಡ್ರೈವರ್, ಡಬ್ಬಿ ತೆರೆಯುವುದು. ಹೊರಗೆ ಹೋಗುವವರಿಗೆ ಗರಗಸ, ಇಕ್ಕಳ. ಉಪಕರಣ ಜಾಸ್ತಿ ತುಂಬಿದಷ್ಟೂ ಒಂದೊಂದೂ ತೆಳುವಾಗುತ್ತದೆ, ಹಿಡಿ ದಪ್ಪವಾಗಿ ಕೈಗೆ ಸರಿಯಾಗಿ ಕೂರುವುದಿಲ್ಲ. ಮತ್ತೆ, ತೂತು ಕೊರೆಯಲು ಚಾಕುವಿನ ಮೊನೆ ಬದಲು ದಬ್ಬಳದಂಥ ಮೊನೆ ಇರುವ ಉಪಕರಣವನ್ನೇ ಬಳಸಿ. ಆಗಲೂ ಉಪಕರಣ ಮಡಚಿಕೊಳ್ಳುವ ದಾರಿಯಲ್ಲಿ ಬೆರಳು ಇರಬಾರದು.

ಕೊಳ್ಳುವ ಮೊದಲು ನೀವಿರುವ ಕಡೆಯ ಕಾನೂನು ಏನು ಅಂತಲೂ ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಅಂಚು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕುವನ್ನು ಸುಮ್ನೆ ಜೇಬಲ್ಲಿ ಇಟ್ಟುಕೊಳ್ಳಬಹುದು, ಲಾಕ್ ಇದ್ದರೆ ತಕ್ಕ ಕಾರಣ ಬೇಕು. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಆಗಬಾರದ್ದು ಆಗಿಯೇಬಿಟ್ಟರೆ, ಶುಭ್ರ ಬಟ್ಟೆಯಿಂದ ಗಾಯದ ಮೇಲೇ ಒತ್ತಿ ಹಿಡಿದು ಕೈ ಮೇಲೆತ್ತಿ. ರಕ್ತ ನಿಂತಿತಾ ಅಂತ ಪದೇಪದೇ ಬಿಚ್ಚಿ ನೋಡಬೇಡಿ. ರಕ್ತ ನಿಂತರೂ ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದ ಹಾಗಿದ್ದರೆ, ಒಳಗೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅಥವಾ ನರ ಕತ್ತರಿಸಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಟೆಟನಸ್ ಇಂಜೆಕ್ಷನ್ ಬಗ್ಗೆಯೂ ಕೇಳಿ. ಗೆಳೆಯನಿಗೆ ಕತ್ತರಿಸಿದ್ದು ಟೆಂಡನ್. ಶಸ್ತ್ರಚಿಕಿತ್ಸೆ ಆಯಿತು, ವಾರಗಟ್ಟಲೆ ಕೈ ಅಲ್ಲಾಡದಂತೆ ಕಟ್ಟುವ ಸ್ಪ್ಲಿಂಟ್, ಆಮೇಲೆ ಬೆರಳಿನ ವ್ಯಾಯಾಮ.

ನಾವು ಕೊಂಡ ಪುಟ ಈಗ ಇಲ್ಲ. ಅದೇ ಫೋಟೋ, ಅದೇ ವಿವರಣೆ ಬೇರೆ ಬೇರೆ ಹೆಸರಿನಲ್ಲಿ ಕಾಣಿಸುತ್ತಿದೆ. ಗುರುತು ಹೇಳುತ್ತೇನೆ: ಕಪ್ಪು ಬಣ್ಣದ ಹಿಡಿ, ಕೆಂಪು ಲಾಕ್ ಗುಂಡಿ, ಅಲಗಿನ ಮೇಲೆ ಅಕ್ಷರವಿಲ್ಲದ "440", ಜೊತೆಗೆ ನೈಲಾನ್ ಚೀಲ. ಮನೆಯಲ್ಲಿ ಈಗಾಗಲೇ ಇಂಥದ್ದು ಇದ್ದರೆ ಸ್ಕ್ರೂ ಡ್ರೈವರ್‌ಗೆ ಬೇಕಾದರೆ ಬಳಸಿ. ಚಾಕುವನ್ನು ಮಾತ್ರ ಟೇಪ್ ಸುತ್ತಿ ತೆರೆಯದ ಹಾಗೆ ಮಾಡಿಬಿಡಿ.